ಬಳ್ಳಾರಿಯಿಂದ ವೇಳಾಂಗಣಿಗೆ: ಆರೋಗ್ಯ ಮಾತೆಯ ದರ್ಶನಕ್ಕೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ವೇಳಾಂಗಣಿಗೆ ಹೋಗಿ ಬಂದವರನ್ನು ಕೇಳಿ ನೋಡಿ. "ಸಿಕ್ಕಾಪಟ್ಟೆ ರಶ್ ಇತ್ತು, ದರ್ಶನ ಆಯ್ತು, ಬಂದ್ವಿ" ಅಂತಾರೆ. ಹೋಗಲಿಕ್ಕೆ ಎರಡು ರಾತ್ರಿ, ಬರಲಿಕ್ಕೆ ಎರಡು ರಾತ್ರಿ, ಅಲ್ಲಿ ಇದ್ದದ್ದು ಅರ್ಧ ದಿನ. ಅಷ್ಟರಲ್ಲೇ ಹರಕೆ, ಪೂಜೆ, ಸಮುದ್ರ, ಊಟ, ಅಂಗಡಿ ಎಲ್ಲಾ ಮುಗಿಸಬೇಕು. ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ಮುಂದೆ ನಿಂತಾಗ ಹಿಂದಿನವರ ಮೊಣಕೈ ಬೆನ್ನಿಗೆ ಚುಚ್ಚುತ್ತಿರುತ್ತದೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ವೇಳಾಂಗಣಿಯಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಿರಿ. ಹರಕೆಯ ಕಟ್ಟು ಇಲ್ಲದಿದ್ದರೆ ಹಬ್ಬದ ದಿನ ಬಿಟ್ಟು, ವಾರದ ನಡುವೆ ಹೋಗಿ. ಕೆಳಗೆ ಬರೆದಿರುವುದೆಲ್ಲ ಈ ಎರಡು ಮಾತನ್ನು ಹಿಡಿದೇ ಬರೆದದ್ದು.

ಊರು, ಕಥೆ

ವೇಳಾಂಗಣಿ ಇರುವುದು ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ. ನಾಗಪಟ್ಟಿಣಂ ಊರಿನಿಂದ ದಕ್ಷಿಣಕ್ಕೆ ಸುಮಾರು 12 ಕಿ.ಮೀ. ಬಂಗಾಳ ಕೊಲ್ಲಿಯ ದಂಡೆಗೇ ಹತ್ತಿದ ಊರು. ಆಡಳಿತ ತಂಜಾವೂರು ಧರ್ಮಕ್ಷೇತ್ರದ್ದು, ಅಂದರೆ ಅಲ್ಲಿನ ಬಿಷಪ್ಪರದು. 1962ರ ನವೆಂಬರ್ 3ರಂದು 23ನೇ ಜಾನ್ ಪೋಪರು ಈ ದೇವಾಲಯಕ್ಕೆ ಬೆಸಿಲಿಕಾ, ಅಂದರೆ ವಿಶೇಷ ಗೌರವದ ದೇವಾಲಯ, ಅನ್ನುವ ಪದವಿ ಕೊಟ್ಟರು.

ಮೂರು ಕಥೆ ಗೊತ್ತಿದ್ದರೆ ಅಲ್ಲಿ ಯಾವ ಜಾಗ ಯಾತಕ್ಕೆ ಅನ್ನುವುದು ತಾನಾಗೇ ತಿಳಿಯುತ್ತದೆ. ಇವು 16, 17ನೇ ಶತಮಾನದ ಕಾಲದವು ಅಂತ ಪರಂಪರೆ ಹೇಳುತ್ತದೆ.

ಮೊದಲನೆಯದು ಹಾಲಿನ ಹುಡುಗನದು. ಧಣಿಯ ಮನೆಗೆ ಹಾಲು ಒಯ್ಯುತ್ತಿದ್ದ ಹುಡುಗ ಕೆರೆ ಪಕ್ಕದ ಆಲದ ನೆರಳಲ್ಲಿ ದಣಿವಾರಿಸಿಕೊಳ್ಳುತ್ತಿದ್ದ. ಕೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ಬಂದು ಮಗುವಿಗೆ ಹಾಲು ಕೇಳಿದಳು. ಹುಡುಗ ಕೊಟ್ಟ. ಹಾಲು ಕಡಿಮೆಯಾಯಿತಲ್ಲ ಅಂತ ಹೆದರುತ್ತಾ ಧಣಿಯ ಮನೆಗೆ ಹೋದರೆ ಗಡಿಗೆ ತುಂಬಿ ಉಕ್ಕುತ್ತಿತ್ತು. ಆ ಕೆರೆಯೇ ಈಗಿನ ಮಾತೆಯ ಕೆರೆ. ತಮಿಳಿನಲ್ಲಿ 'ಮಾದಾ ಕುಳಂ' ಅಂತಾರೆ.

ಎರಡನೆಯದು ನಡುತಿಟ್ಟು ಅನ್ನುವ ಜಾಗದ್ದು. ಅಲ್ಲಿ ನಡೆಯಲಾಗದ ಬಡ ಹುಡುಗನೊಬ್ಬ ಮಜ್ಜಿಗೆ ಮಾರುತ್ತಿದ್ದ. ತಾಯಿ ಬಂದು ಮಜ್ಜಿಗೆ ಕೇಳಿದಳು. ಕುಡಿದ ಮೇಲೆ, ನಾಗಪಟ್ಟಿಣದ ಇಂಥ ಶ್ರೀಮಂತರ ಬಳಿ ಹೋಗಿ ಇಲ್ಲೊಂದು ಗುಡಿ ಕಟ್ಟಲು ಹೇಳು ಅಂದಳು. ನನಗೆ ನಡೆಯಲಾಗುವುದಿಲ್ಲ ಅಂದವನು ಎದ್ದು ನಿಂತು ಓಡಿಯೇ ಹೋದ. ಅಲ್ಲಿ ಒಂದು ಹುಲ್ಲಿನ ಗುಡಿ ಎದ್ದಿತು. ಮಾತೆಗೆ 'ಆರೋಗ್ಯ ಮಾತೆ' ಅನ್ನುವ ಹೆಸರು ಹತ್ತಿದ್ದು ಇಲ್ಲಿಂದಲೇ.

ಮೂರನೆಯದು ಪೋರ್ಚುಗೀಸ್ ನಾವಿಕರದು. ಮಕಾವ್‌ನಿಂದ ಸಿಲೋನಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಬದುಕಿ ದಡ ಸೇರಿದರೆ ಗುಡಿ ಕಟ್ಟುತ್ತೇವೆ ಅಂತ ಹರಕೆ ಹೊತ್ತರು. ದಡ ಮುಟ್ಟಿದ್ದು ವೇಳಾಂಗಣಿಯಲ್ಲಿ. ಆ ದಿನ ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಹುಲ್ಲಿನ ಗುಡಿಯ ಜಾಗದಲ್ಲಿ ಗಟ್ಟಿ ಗುಡಿ ಕಟ್ಟಿಸಿದರು. ಮುಂದೆ ಚೀನಾದ ಪಿಂಗಾಣಿ ತಟ್ಟೆಗಳನ್ನು ತಂದು ಪೀಠಕ್ಕೆ ಕೂರಿಸಿದರು. ಇವತ್ತಿಗೂ ಅವು ಅಲ್ಲಿವೆ. ಮಾತೆಯ ಮುಖ ನೋಡುವ ಆತುರದಲ್ಲಿ ತಟ್ಟೆಗಳತ್ತ ಕಣ್ಣು ಹಾಯಿಸುವವರು ಕಡಿಮೆ. ನೀವು ಬಿಡಬೇಡಿ.

ಯಾವಾಗ ಹೋಗಬೇಕು

ದೊಡ್ಡ ಹಬ್ಬ ಆಗಸ್ಟ್ 29ರ ಸಂಜೆ ಧ್ವಜ ಏರಿಸುವುದರಿಂದ ಶುರುವಾಗಿ ಸೆಪ್ಟೆಂಬರ್ 8ಕ್ಕೆ ಮುಗಿಯುತ್ತದೆ. ಸಂಜೆ ತೇರಿನ ಮೆರವಣಿಗೆ ಇರುತ್ತದೆ. 7ನೇ ತಾರೀಕಿನ ರಾತ್ರಿಯ ತೇರು ನೋಡಬೇಕಾದದ್ದೇ. ಆದರೆ ಆ ದಿನ ಲಕ್ಷಗಟ್ಟಲೆ ಜನ. ಕೋಣೆ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೇಳಿ ತಲೆ ತಿರುಗುತ್ತದೆ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಆ ದಿನಗಳು ಬೇಡವೇ ಬೇಡ. ಹಬ್ಬವನ್ನೂ ನೋಡಬೇಕು ಅಂತಿದ್ದರೆ 30, 31ರ ಸುಮಾರಿಗೆ ಹೋಗಿ. ಧ್ವಜ ಹಾರುತ್ತಿರುತ್ತದೆ, ತೇರೂ ಸಿಗುತ್ತದೆ, ಕೊನೆಯ ದಿನಗಳ ನೂಕುನುಗ್ಗಲು ಇನ್ನೂ ಬಂದಿರುವುದಿಲ್ಲ. ಹಬ್ಬದಲ್ಲಿ ಬೇರೆ ಭಾಷೆಗಳ ಜೊತೆ ಕನ್ನಡದಲ್ಲೂ ಪೂಜೆ ಇಡುತ್ತಾರೆ. ಹೋದ ತಕ್ಷಣ ವೇಳಾಪಟ್ಟಿಯ ಫಲಕ ನೋಡಿಕೊಳ್ಳಿ.

ಸುಮ್ನೆ ದರ್ಶನಕ್ಕೆ, ಪ್ರಾರ್ಥನೆಗೆ ಅಂತಾದರೆ ಜನವರಿಯಿಂದ ಮಾರ್ಚ್ ನಡುವೆ ಹೋಗಿ. ಸೋಮವಾರದಿಂದ ಗುರುವಾರದೊಳಗೆ ಅಲ್ಲಿರುವ ಹಾಗೆ ನೋಡಿಕೊಳ್ಳಿ. ಶನಿವಾರ ಮಾತೆಯ ವಾರ, ಭಾನುವಾರ ರಜೆ. ಎರಡೂ ದಿನ ಜನ ಜಾಸ್ತಿ.

ಅಕ್ಟೋಬರ್‌ನಿಂದ ಡಿಸೆಂಬರ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಮಳೆ ಹಿಂದೆ ಸರಿಯುವ ಹೊತ್ತಿಗೆ ಆ ಕರಾವಳಿಯಲ್ಲಿ ಹಿಂಗಾರು ಜೋರಾಗುತ್ತದೆ. 2018ರ ನವೆಂಬರ್ 16ರಂದು ಗಜ ಚಂಡಮಾರುತ ದಡಕ್ಕೆ ಅಪ್ಪಳಿಸಿದ್ದು ನಾಗಪಟ್ಟಿಣಂ, ವೇದಾರಣ್ಯಂ ನಡುವೆಯೇ. ಆ ತಿಂಗಳುಗಳಲ್ಲಿ ಹೊರಡುವ ಮುಂಚೆ ಹವಾಮಾನ ಸುದ್ದಿ ನೋಡಿ. ಇನ್ನು ಏಪ್ರಿಲ್, ಮೇ. ಬಳ್ಳಾರಿ ಬಿಸಿಲು ಕಂಡವರಿಗೆ ಅದೇನು ಮಹಾ ಅನ್ನಬೇಡಿ. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ತಡೆಯಬಹುದು. ಅಲ್ಲಿಯದು ಅಂಟುವ ಸೆಖೆ, ನೆರಳಲ್ಲೂ ಬೆವರು ನಿಲ್ಲುವುದಿಲ್ಲ.

ಹೋಗುವ ಹಾದಿ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಸಲೀಸಾದ ಹಾದಿ ಬೆಂಗಳೂರಿನ ಮೇಲೆ ಹೋಗುವುದು. ಹಂಪಿ ಎಕ್ಸ್‌ಪ್ರೆಸ್ ಮೂರೂ ಊರು ಮುಟ್ಟಿಕೊಂಡು ಗುಂತಕಲ್ ಮೇಲೆ ಹೋಗಿ ಬೆಳಗ್ಗೆ ಬೆಂಗಳೂರಿಗೆ ಬಿಡುತ್ತದೆ. ರಾಯಚೂರಿನವರಿಗೆ ಮುಂಬೈ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇದೆ.

ಬೆಂಗಳೂರಿನಿಂದ ಮುಂದೆ ಎರಡು ದಾರಿ. ಒಂದು, ಮೈಸೂರಿನಿಂದ ಬರುವ ಮಯಿಲಾಡುತುರೈ, ಕಡಲೂರು ಕಡೆಯ ರಾತ್ರಿ ರೈಲು. ಸೇಲಂ, ಈರೋಡ್, ತಿರುಚ್ಚಿ ದಾಟಿ ಬೆಳಗಾಗುವ ಹೊತ್ತಿಗೆ ತಂಜಾವೂರಿನಲ್ಲಿ ಇಳಿಸುತ್ತದೆ. ಅಲ್ಲಿನ ಹೊಸ ಬಸ್ ನಿಲ್ದಾಣದಿಂದ ತಿರುವಾರೂರು, ನಾಗಪಟ್ಟಿಣಂ ಮೇಲೆ ಬಸ್ಸುಗಳಿವೆ. ಸುಮಾರು 90 ಕಿ.ಮೀ., ಮೂರು ತಾಸು ಹಿಡಿಯಿರಿ. ಎರಡು, ಬೆಂಗಳೂರಿನಿಂದಲೇ ರಾತ್ರಿ ಬಸ್. ತಮಿಳುನಾಡು ಸರ್ಕಾರದ ಎಸ್‌ಇಟಿಸಿ ಬಸ್ಸೂ ಇದೆ, ಖಾಸಗಿ ಸ್ಲೀಪರ್‌ಗಳೂ ಇವೆ. ಮಂಡಿ ನೋವು, ಸೊಂಟ ನೋವು ಇರುವ ಅಜ್ಜಿ, ತಾತ ಜೊತೆಗಿದ್ದರೆ ರೈಲೇ ವಾಸಿ. ಶೌಚಾಲಯದ ಚಿಂತೆ ಒಂದು ಇರುವುದಿಲ್ಲ.

ಬೆಂಗಳೂರಿನಲ್ಲಿ ಸಿಗುವ ಹಗಲನ್ನು ಮೆಜೆಸ್ಟಿಕ್‌ನ ಬೆಂಚಿನ ಮೇಲೆ ಕಳೆಯಬೇಡಿ. ಸಾಮಾನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಟ್ಟು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೆ ಹೋಗಿ ಬನ್ನಿ. ಅಲ್ಲಿಯೂ ಹಬ್ಬ ಇದೇ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ. ಹರಕೆಗೆಂದು ಕಾವಿ ಸೀರೆಯುಟ್ಟ ಹೆಣ್ಣುಮಕ್ಕಳನ್ನು ಅಲ್ಲಿಂದಲೇ ಕಾಣುತ್ತೀರಿ.

ಇನ್ನೊಂದು ರೈಲು ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೋವಾದ ವಾಸ್ಕೋದಿಂದ ಹುಬ್ಬಳ್ಳಿ ಮೇಲೆ ನೇರ ವೇಳಾಂಗಣಿಗೇ ವಾರಕ್ಕೊಮ್ಮೆ ಎಕ್ಸ್‌ಪ್ರೆಸ್ ಇದೆ. ಕೊಪ್ಪಳದವರು ಹುಬ್ಬಳ್ಳಿಗೆ ಹೋಗಿ ಅದನ್ನು ಹತ್ತಿದರೆ ನಡುವೆ ಇಳಿಯುವ, ಗಂಟು ಹೊರುವ ತಾಪತ್ರಯ ತಪ್ಪುತ್ತದೆ. ವಾರ ಯಾವುದು, ಹೊತ್ತು ಎಷ್ಟು ಅನ್ನುವುದನ್ನು ಬುಕ್ ಮಾಡುವಾಗ ನೋಡಿಕೊಂಡು, ರಜೆಯನ್ನು ಅದಕ್ಕೆ ಹೊಂದಿಸಿ.

ರಾಯಚೂರಿನವರು ಚೆನ್ನೈ ಮೇಲೂ ಹೋಗಬಹುದು. ಮುಂಬೈ-ಚೆನ್ನೈ ರೈಲುಗಳು ರಾಯಚೂರು ಮುಟ್ಟಿಯೇ ಹೋಗುತ್ತವೆ. ಒಂದು ಮಾತು ನೆನಪಿಡಿ. ನಾಗಪಟ್ಟಿಣಂ ಕಡೆಯ ರಾತ್ರಿ ರೈಲು ಹೊರಡುವುದು ಎಗ್ಮೋರ್ ನಿಲ್ದಾಣದಿಂದ. ನೀವು ಇಳಿಯುವುದು ಸೆಂಟ್ರಲ್‌ನಲ್ಲಾದರೆ ಅಲ್ಲಿಂದ ಮೆಟ್ರೋದಲ್ಲಿ ಎಗ್ಮೋರ್ ಪಕ್ಕದ ನಿಲ್ದಾಣವೇ.

ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಹಬ್ಬಕ್ಕೆ ಹೋಗುವವರು ಜುಲೈ ಮೊದಲ ವಾರದಲ್ಲೇ ಕೂತು ಬುಕ್ ಮಾಡಬೇಕು. ಹೋಗುವ ಟಿಕೆಟ್ ಮಾಡಿ ಬರುವುದನ್ನು ಆಮೇಲೆ ನೋಡೋಣ ಅಂದರೆ 9ನೇ ತಾರೀಕು ಜನರಲ್ ಬೋಗಿಯೇ ಗತಿ.

ಸ್ವಂತ ಗಾಡಿ, ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗುವವರು ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರು, ಆಮೇಲೆ ಹೊಸೂರು, ಕೃಷ್ಣಗಿರಿ, ಸೇಲಂ, ನಾಮಕ್ಕಲ್, ತಿರುಚ್ಚಿ, ತಂಜಾವೂರು ಹಿಡಿಯುತ್ತಾರೆ. ಬಳ್ಳಾರಿಯಿಂದ ಒಟ್ಟು 800 ಕಿ.ಮೀ. ಆಸುಪಾಸು. ಒಬ್ಬನೇ ಡ್ರೈವರ್ ಇದ್ದರೆ ಒಂದೇ ಉಸಿರಿಗೆ ಹೊಡೆಸಬೇಡಿ. ಸೇಲಂನಲ್ಲೋ ತಿರುಚ್ಚಿಯಲ್ಲೋ ರಾತ್ರಿ ತಂಗಿ. ಆಗಸ್ಟ್ ಕೊನೆಯಲ್ಲಂತೂ ತಂಜಾವೂರಿನಿಂದ ಆಚೆ ರಸ್ತೆ ಬದಿಯಲ್ಲಿ ಪಾದಯಾತ್ರೆಯವರು ರಾತ್ರಿಯೆಲ್ಲ ನಡೆಯುತ್ತಿರುತ್ತಾರೆ. ಕಾವಿ ಬಟ್ಟೆ ಕತ್ತಲಲ್ಲಿ ಬೇಗ ಕಾಣುವುದಿಲ್ಲ.

ಹೊರಡುವ ಮುಂಚೆ ಊರಲ್ಲೇ ಮುಗಿಸಬೇಕಾದ ಕೆಲಸ

ಕಥೋಲಿಕರಾದರೆ ಪಾಪನಿವೇದನೆಯನ್ನು (ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು) ನಿಮ್ಮ ಧರ್ಮಕೇಂದ್ರದಲ್ಲೇ, ಅಂದರೆ ಊರಿನ ಚರ್ಚಿನಲ್ಲೇ, ಮಾಡಿಕೊಂಡು ಹೊರಡಿ. ವೇಳಾಂಗಣಿಯಲ್ಲಿ ಅದಕ್ಕೆ ವ್ಯವಸ್ಥೆ ಇದೆ, ಆದರೆ ಕನ್ನಡ ಬಲ್ಲ ಗುರುಗಳು ಆ ಹೊತ್ತಿಗೆ ಸಿಗುತ್ತಾರೆ ಅನ್ನುವ ಭರವಸೆ ಇಲ್ಲ. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಮನಸ್ಸಿನ ಭಾರ ಇಳಿಸುವುದು ಕಷ್ಟ ಅಲ್ವಾ?

ಮಗುವಿಗೆ ಅಲ್ಲೇ ಸ್ನಾನದೀಕ್ಷೆ (ಬ್ಯಾಪ್ಟಿಸಂ) ಕೊಡಿಸುತ್ತೇವೆ ಅಂತ ಹರಕೆ ಹೊತ್ತಿದ್ದರೆ ನಿಮ್ಮ ವಿಚಾರಣಾ ಗುರುಗಳ (ಊರಿನ ಚರ್ಚಿನ ಪಾದ್ರಿಗಳ) ಒಪ್ಪಿಗೆ ಪತ್ರ ಬೇಕು. ಮದುವೆಗೂ ಅಷ್ಟೇ. ಪತ್ರ ಕೈಯಲ್ಲಿಲ್ಲದೆ ಅಷ್ಟು ದೂರ ಹೋಗಿ ಕಚೇರಿ ಬಾಗಿಲಲ್ಲಿ ಬೇಡಿಕೊಂಡರೆ ಏನೂ ಆಗುವುದಿಲ್ಲ. ಮುಡಿ ಕೊಡಲು, ಕಿವಿ ಚುಚ್ಚಿಸಲು ಯಾವ ಕಾಗದವೂ ಬೇಡ.

ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1949ರಲ್ಲಿ. ಮುದಗಲ್ಲಿನ ಕ್ರೈಸ್ತ ಮನೆತನಗಳು ಅದಕ್ಕಿಂತ ಎಷ್ಟೋ ಹಳೆಯವು, ಆದಿಲ್‌ಶಾಹಿ ಕಾಲದವು. ಇಂಥ ಹಳೆಯ ಊರುಗಳಲ್ಲಿ ವೇಳಾಂಗಣಿ ಕಂಡು ಬಂದ ಹಿರಿಯರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಹಗುರ.

ಉಳಿಯುವುದು ಎಲ್ಲಿ

ದೇವಾಲಯದ ಆಡಳಿತದವರದೇ ವಸತಿಗೃಹಗಳಿವೆ. ಮೊದಲು ಅಲ್ಲೇ ವಿಚಾರಿಸಿ. ಬಾಡಿಗೆ ಹೊರಗಿನ ಲಾಡ್ಜಿಗಿಂತ ಹಗುರ, ದೇವಾಲಯಕ್ಕೂ ಹತ್ತಿರ. ಬುಕ್ ಮಾಡುವಾಗ ದೇವಾಲಯದ ಅಧಿಕೃತ ಜಾಲತಾಣವೇ ಹೌದೋ ಅಂತ ಎರಡು ಸಲ ನೋಡಿ. ಹೆಸರು ಒಂದೇ ತರಹ ಇಟ್ಟುಕೊಂಡು ಮುಂಗಡ ನುಂಗುವ ಜಾಲತಾಣಗಳು ಎಲ್ಲ ಯಾತ್ರಾಸ್ಥಳದ ಹೆಸರಲ್ಲೂ ಇರುತ್ತವೆ. ಎಲ್ಲರ ಆಧಾರ್ ಕಾರ್ಡೂ ಕೈಯಲ್ಲಿರಲಿ.

ಬಸ್ ಇಳಿದ ಕೂಡಲೇ "ರೂಮ್, ರೂಮ್" ಅಂತ ಸುತ್ತುವರಿಯುತ್ತಾರೆ. ಕೋಣೆ ನೋಡದೆ ದುಡ್ಡು ಕೊಡಬೇಡಿ. ನಲ್ಲಿ ತಿರುಗಿಸಿ ನೀರಿನ ರುಚಿ ನೋಡಿ. ಸಮುದ್ರದ ಪಕ್ಕದ ಊರು, ಕೆಲವು ಕಡೆ ನೀರು ಉಪ್ಪುಪ್ಪು. ಸೋಪು ಹಚ್ಚಿದರೆ ನೊರೆ ಬರುವುದಿಲ್ಲ.

ಚೀಲದಲ್ಲಿ ಏನಿರಬೇಕು

ನಮ್ಮ ಜನ ಪ್ರಯಾಣ ಅಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟುವುದು ಬಿಡುವುದಿಲ್ಲ. ಬಿಡಲೂಬೇಡಿ. ಆದರೆ ಬಟ್ಟೆಯಲ್ಲಿ ಸುತ್ತಿ ಒಯ್ದ ರೊಟ್ಟಿ ಅಲ್ಲಿ ಒಂದು ರಾತ್ರಿಗೇ ಮೆತ್ತಗಾಗುತ್ತದೆ. ಸಮುದ್ರದ ಗಾಳಿ ಅಂಥದ್ದು. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬೇಕಾದಾಗ ಮಾತ್ರ ತೆಗೆಯಿರಿ. ಮೂರು ಹೊತ್ತೂ ಅನ್ನ, ಇಡ್ಲಿ ತಿಂದು ಸಾಕಾದವರಿಗೆ ಎರಡನೇ ದಿನ ಆ ಡಬ್ಬಿಯ ಬೆಲೆ ಗೊತ್ತಾಗುತ್ತದೆ.

ಉಳಿದದ್ದು: ತೆಳು ಹತ್ತಿ ಬಟ್ಟೆ, ಟವೆಲ್ ಎರಡು, ಓಆರ್‌ಎಸ್ ಪುಡಿ, ದಿನಾ ನುಂಗುವ ಮಾತ್ರೆ, ಜಪಸರ (ಪ್ರಾರ್ಥನೆಯ ಮಣಿಮಾಲೆ), ಒಂದೆರಡು ಖಾಲಿ ಬಾಟಲಿ. ಮಂಡಿಯಲ್ಲಿ ನಡೆಯುವ ಹರಕೆ ಇದ್ದರೆ ಒಂದು ಹಳೆಯ ಪಂಚೆ ಅಥವಾ ದಪ್ಪ ಬಟ್ಟೆ ಇಟ್ಟುಕೊಳ್ಳಿ. ಮೇಣದ ಬತ್ತಿಯನ್ನು ಊರಿಂದ ಒಯ್ಯಬೇಡಿ. ಬಿಸಿಲಿಗೆ ಚೀಲದಲ್ಲೇ ಬಾಗಿ, ಬಟ್ಟೆಗೆಲ್ಲ ಮೆತ್ತಿಕೊಂಡು ಕೂರುತ್ತದೆ.

ತಮಿಳು ಬರದಿದ್ದರೂ ಹೆದರಬೇಡಿ. ಆಂಧ್ರ, ತೆಲಂಗಾಣದ ಯಾತ್ರಿಕರು ಬಹಳ ಬರುವುದರಿಂದ ಅಂಗಡಿಯವರಿಗೆ ತೆಲುಗು ಅರ್ಥವಾಗುತ್ತದೆ. ಬಳ್ಳಾರಿ, ರಾಯಚೂರಿನವರಿಗೆ ಅದೇನು ಹೊಸದಲ್ಲವಲ್ಲ. ಜೊತೆಗೆ 'ಎವ್ವಳವು' ಅಂದರೆ ಎಷ್ಟು, 'ಎಂಗೆ' ಅಂದರೆ ಎಲ್ಲಿ, 'ತಣ್ಣಿ' ಅಂದರೆ ನೀರು, 'ಮೊಟ್ಟೈ' ಅಂದರೆ ಬೋಳು ತಲೆ. ಇಷ್ಟು ಸಾಕು.

ಮೊದಲ ದಿನ: ಅವಸರ ಬೇಡ

ಬಸ್ ಇಳಿದವರೇ ಸಾಲಿಗೆ ಓಡಬೇಡಿ. ಸ್ನಾನ ಮಾಡಿ, ತಿಂದು, ಮಧ್ಯಾಹ್ನ ನಿದ್ದೆ ಮಾಡಿ. ನಾಲ್ಕೂವರೆಯ ಮೇಲೆ ಹೊರಡಿ.

ದೂರದಿಂದಲೇ ಬಿಳಿಯ ಗೋಪುರಗಳು ಕಾಣುತ್ತವೆ. ಪಾದರಕ್ಷೆ ಹೊರಗೆ ಬಿಟ್ಟು ಒಳಗೆ ಹೋಗಿ. ಮಾತೆ ಮಗುವನ್ನು ಎತ್ತಿಕೊಂಡು ಚಂದ್ರನ ಮೇಲೆ ನಿಂತಿದ್ದಾರೆ, ಮೈಮೇಲೆ ಜರಿಯ ಸೀರೆ. ಮೊದಲ ಸಲ ಕಂಡವರು "ನಮ್ಮ ಅಮ್ಮನ ತರಹವೇ ಇದಾರಲ್ಲ" ಅಂದುಕೊಳ್ಳುತ್ತಾರೆ. ವಾರದ ನಡುವಿನ ಸಂಜೆಯಾದರೆ ಬೆಂಚಿನಲ್ಲಿ ಕೂತು ಒಂದು ಜಪಸರ ಮುಗಿಸುವಷ್ಟು ಹೊತ್ತು ಯಾರೂ ಎಬ್ಬಿಸುವುದಿಲ್ಲ.

ಹೊರಗೆ ಬಂದು ಪೂಜೆಯ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ದಿನದ ಪೂಜೆಗಳು ಹೆಚ್ಚಾಗಿ ತಮಿಳಿನಲ್ಲಿ, ನಡುವೆ ಮಲಯಾಳಂ, ಇಂಗ್ಲಿಷ್. ಪೂಜೆಗಳು ಒಂದೇ ಕಟ್ಟಡದಲ್ಲಿ ನಡೆಯುವುದಿಲ್ಲ. ಹಳೆಯ ಬೆಸಿಲಿಕಾ ಇದೆ. ಅದರ ಹಿಂಬದಿಗೆ ಹೊಂದಿಕೊಂಡು 1970ರ ದಶಕದಲ್ಲಿ ಫ್ರಾನ್ಸಿನ ಲೂರ್ದಿನ ದೇವಾಲಯದ ಮಾದರಿಯಲ್ಲಿ ಕಟ್ಟಿದ ಭಾಗವಿದೆ. ಮಾತೆಯ ಕೆರೆಯ ದೇವಾಲಯವಿದೆ. 'ವಿಣ್ಮೀನ್ ಆಲಯ' ಅನ್ನುವ ಭಾರೀ ದೊಡ್ಡ ಹೊಸ ದೇವಾಲಯವೂ ಇದೆ. ಯಾವ ಪೂಜೆ ಯಾವ ದೇವಾಲಯದಲ್ಲಿ ಅನ್ನುವುದನ್ನು ಓದಿಕೊಳ್ಳದೆ ಹೋದವರು ಪೂಜೆ ಮುಗಿಯುವ ಹೊತ್ತಿಗೆ ಸರಿಯಾದ ಬಾಗಿಲು ಹುಡುಕಿರುತ್ತಾರೆ.

ಯಾರ ಹೆಸರಿಗಾದರೂ ಪೂಜೆ ಹೇಳಿಸಬೇಕೆಂದಿದ್ದರೆ ಇದೇ ಸಂಜೆ ಕಚೇರಿಯಲ್ಲಿ ಬರೆಸಿ, ರಸೀದಿ ಪಡೆಯಿರಿ.

ಎರಡನೇ ದಿನ: ಬೆಳಗಿನ ಜಾವ ಏಳಿ

ಇದು ನಿಜವಾದ ಯಾತ್ರೆಯ ದಿನ. ಐದು ಗಂಟೆಗೆ ಏಳಿ. ಪೂರ್ವ ಕರಾವಳಿ ಆದ್ದರಿಂದ ಸೂರ್ಯ ನೀರೊಳಗಿಂದಲೇ ಮೇಲೇಳುತ್ತಾನೆ. ನಮ್ಮ ಬಯಲು ಸೀಮೆಯ ಮಕ್ಕಳಿಗೆ ಅದನ್ನು ತೋರಿಸಲೇಬೇಕು. ಅಲ್ಲಿಂದ ನೇರ ಪುಣ್ಯ ಹಾದಿಗೆ ಬನ್ನಿ.

ಬೆಸಿಲಿಕಾದ ಹಿಂದಿನಿಂದ ಮಾತೆಯ ಕೆರೆಯವರೆಗೆ ಮರಳು ಹಾಸಿದ ಉದ್ದನೆಯ ಹಾದಿ ಇದೆ. ಹರಕೆ ಹೊತ್ತವರು ಇದರಲ್ಲಿ ಮಂಡಿಯೂರಿ ಹೋಗುತ್ತಾರೆ. ನಮ್ಮ ಕಡೆ ಜಾತ್ರೆಯಲ್ಲಿ ದೀಡ ನಮಸ್ಕಾರ ಹಾಕುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಶಿಲುಬೆ ಹಾದಿಯ ಸ್ಥಳಗಳು (ಯೇಸು ಶಿಲುಬೆ ಹೊತ್ತು ನಡೆದ ಕೊನೆಯ ಪಯಣದ ಘಟನೆಗಳು), ಜಪಸರದ ರಹಸ್ಯಗಳು (ಜಪಸರ ಹೇಳುವಾಗ ಧ್ಯಾನಿಸುವ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳು) ಇವೆ. ನಡೆಯುವವರು ಒಂದೊಂದರ ಮುಂದೆ ನಿಂತು ಪ್ರಾರ್ಥಿಸುತ್ತಾ ಸಾಗುತ್ತಾರೆ.

ಮಂಡಿಯಲ್ಲಿ ಹೋಗುವವರಿಗೆ ಕೆಲವು ಮಾತು. ಏಳು ಗಂಟೆಯೊಳಗೆ ಶುರು ಮಾಡಿ. ಬಿಸಿಲೇರಿದ ಮೇಲೆ ಮರಳು ಕಾದ ಹೆಂಚು. ಪಂಚೆಯನ್ನು ಹರಿದು ಎರಡೂ ಮಂಡಿಗೆ ನಾಲ್ಕು ಸುತ್ತು ಸುತ್ತಿ, ಗಂಟು ಹಿಂಬದಿಗೆ ಬರಲಿ. ಗಂಟು ಮುಂದೆ ಬಂದರೆ ಅದೇ ಚುಚ್ಚುತ್ತದೆ. ಸೀರೆಯುಟ್ಟವರು ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಮಂಡಿ ಸೀರೆಯ ಮೇಲೇ ಬಿದ್ದು ಎಳೆಯುತ್ತದೆ. ಮರಳು ಮಂಡಿಯ ಅಡಿ ಜರುಗುತ್ತದೆ, ಆದ್ದರಿಂದ ಚಿಕ್ಕ ಚಿಕ್ಕ ಹೆಜ್ಜೆ ಇಡಿ. ಅಂಗೈ ಊರಲು ಪಕ್ಕದಲ್ಲಿ ಒಬ್ಬರು ನಡೆದು ಬರಲಿ, ನೀರಿನ ಬಾಟಲಿ ಅವರ ಕೈಯಲ್ಲಿರಲಿ. ಸಕ್ಕರೆ ಕಾಯಿಲೆಯವರು ಮಂಡಿ ತರಚಿಸಿಕೊಳ್ಳಬೇಡಿ. ಗಾಯ ಮಾಯುವುದು ತಡ. ಅವರು ಬರಿಗಾಲಲ್ಲಿ ನಡೆದರೂ ಸಾಕು, ಅದೂ ಮರಳು ತಣ್ಣಗಿರುವಾಗ. ನಡುವೆ ಆಗದೆ ಹೋದರೆ ಎದ್ದು ನಡೆಯಿರಿ. ಎಷ್ಟೋ ಜನ ಹಾಗೇ ಮಾಡುತ್ತಾರೆ, ಯಾರೂ ತಪ್ಪು ಅನ್ನುವುದಿಲ್ಲ.

ಹಾದಿ ಮುಗಿಯುವಲ್ಲಿ ಮಾತೆಯ ಕೆರೆ. ಹಾಲಿನ ಹುಡುಗನ ಕಥೆಯ ಜಾಗ ಇದೇ. ಇಲ್ಲಿಯ ನೀರನ್ನು ಭಕ್ತರು ಕುಡಿಯುತ್ತಾರೆ, ಬಾಟಲಿಯಲ್ಲಿ ಮನೆಗೂ ಒಯ್ಯುತ್ತಾರೆ. ಊರಿಂದ ತಂದ ಖಾಲಿ ಬಾಟಲಿ ಇದಕ್ಕೇ. ಅಂಗಡಿಯ ಮಾತೆಯಾಕಾರದ ಪ್ಲಾಸ್ಟಿಕ್ ಬಾಟಲಿ ನೋಡಲು ಚೆಂದ, ಆದರೆ ಕೆಲವದರ ಮುಚ್ಚಳ ಸೋರುತ್ತದೆ.

ವಾಪಸ್ ಬರುವಾಗ ನಡುತಿಟ್ಟಿನ ಪ್ರಾರ್ಥನಾ ಮಂದಿರಕ್ಕೂ ಹೋಗಿ ಬನ್ನಿ. ಆಮೇಲೆ ಕಾಣಿಕೆಗಳ ಪ್ರದರ್ಶನಾಲಯ. ಇದಕ್ಕೆ ಒಂದು ತಾಸು ಇಡಿ ಅಂತ ನನ್ನ ಒತ್ತಾಯ. ಬೆಳ್ಳಿಯ ಕಣ್ಣು, ಕಾಲು, ಎದೆ, ಮನೆ, ಹಡಗು. ಕಾಯಿಲೆ ವಾಸಿಯಾದವರು, ಕೂಸು ಪಡೆದವರು, ಪರೀಕ್ಷೆ ಪಾಸಾದವರು ಕೊಟ್ಟದ್ದು. ಜೊತೆಗೆ ಅವರು ಬರೆದ ಪತ್ರಗಳು. ಇಡೀ ಊರು ಯಾತಕ್ಕೆ ಇಷ್ಟು ಜನರನ್ನು ಎಳೆಯುತ್ತದೆ ಅನ್ನುವುದು ಗಾಜಿನ ಆ ಕಪಾಟುಗಳ ಮುಂದೆ ನಿಂತಾಗ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಹರಕೆ ತೀರಿಸುವ ಬಗೆ

ಮುಡಿ ಕೊಡುವವರು ಚೀಟಿ ಪಡೆದು, ಮುಡಿ ತೆಗೆಯುವ ಕಡೆ ಹೋಗಿ. ಹೊಸ ಬ್ಲೇಡ್ ಹಾಕುವುದನ್ನು ಕಣ್ಣಾರೆ ನೋಡಿ. ಚೀಟಿಯ ದುಡ್ಡಿನ ಮೇಲೆ 'ಕೈ ಖರ್ಚಿಗೆ' ಅಂತ ಕೇಳಿದರೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಮಕ್ಕಳ ಬೋಳು ತಲೆಗೆ ಉಪ್ಪು ನೀರು ಉರಿಯುತ್ತದೆ. ಸಮುದ್ರಕ್ಕೆ ಇಳಿಸಿದ ಮೇಲೆ ಸಿಹಿ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ, ಟೋಪಿ ಹಾಕಿ.

ಬೆಳ್ಳಿ ತಗಡಿನ ಆಕಾರಗಳು, ಮೇಣದ ಬತ್ತಿ, ಹಾರ ಎಲ್ಲಾ ಅಲ್ಲೇ ಸಿಗುತ್ತವೆ. ಆಳೆತ್ತರದ ಮೇಣದ ಬತ್ತಿ ಕೊಳ್ಳಲೇಬೇಕೆಂದು ದುಂಬಾಲು ಬೀಳುತ್ತಾರೆ. ಮಾತೆ ಬತ್ತಿಯ ಉದ್ದ ಅಳೆಯುವುದಿಲ್ಲ. ಹರಕೆಯಲ್ಲಿ ಇಂಥದ್ದೇ ಅಂತ ಹೇಳಿಕೊಂಡಿದ್ದರೆ ಮಾತ್ರ ಕೊಳ್ಳಿ.

ಕಾಣಿಕೆ ದುಡ್ಡನ್ನು ಡಬ್ಬಿಗೆ ಹಾಕಿ, ದೊಡ್ಡ ಮೊತ್ತವಾದರೆ ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ದಾರಿಯಲ್ಲಿ ತಲೆ ಮೇಲೆ ಕೈಯಿಟ್ಟು "ನಿಮಗಾಗಿ ಪ್ರಾರ್ಥನೆ ಮಾಡ್ತೀನಿ" ಅಂತ ಶುರು ಮಾಡಿ ಕೊನೆಗೆ ಐನೂರು ಕೇಳುವವರು ಸಿಗುತ್ತಾರೆ. ಕೈ ಮುಗಿದು ಮುಂದೆ ಹೋಗಿ.

ಕ್ರೈಸ್ತರಲ್ಲದವರು ಬಂದರೆ

ಬರುವವರಲ್ಲಿ ಹಿಂದೂಗಳು, ಮುಸ್ಲಿಮರು ಧಾರಾಳವಾಗಿ ಇದ್ದಾರೆ. ಯಾರೂ ಜಾತಿ ಕೇಳುವುದಿಲ್ಲ. ಮುಡಿ, ಮೇಣದ ಬತ್ತಿ, ಮಂಡಿ ಹರಕೆ ಎಲ್ಲವನ್ನೂ ಅವರೂ ಮಾಡುತ್ತಾರೆ. ಒಂದೇ ಒಂದು ವಿಷಯ ತಿಳಿದಿರಲಿ. ಪೂಜೆಯ ಕೊನೆಯ ಹೊತ್ತಿಗೆ ಜನ ಸಾಲಾಗಿ ಹೋಗಿ ಗುರುಗಳ ಕೈಯಿಂದ ಬಿಳಿಯ ಬಿಲ್ಲೆಯಂಥದ್ದು ಸ್ವೀಕರಿಸುತ್ತಾರೆ. ಅದು ಪರಮಪ್ರಸಾದ, ಗುಡಿಯಲ್ಲಿ ಎಲ್ಲರಿಗೂ ಹಂಚುವ ಪ್ರಸಾದದಂಥದ್ದಲ್ಲ. ದೀಕ್ಷೆ ಪಡೆದು ಸಿದ್ಧರಾದ ಕಥೋಲಿಕರಿಗೆ ಮಾತ್ರ. ಆ ಹೊತ್ತಿಗೆ ನೀವು ನಿಮ್ಮ ಜಾಗದಲ್ಲೇ ಕೂತಿರಿ. ಜನ ಎದ್ದಾಗ ಎದ್ದು, ಕೂತಾಗ ಕೂತರೆ ಉಳಿದದ್ದೆಲ್ಲ ಸರಿಹೋಗುತ್ತದೆ.

ಸಮುದ್ರ

ನಾವು ತುಂಗಭದ್ರೆ ಕಂಡವರು, ಸಮುದ್ರ ಕಂಡವರಲ್ಲ. ಇಲ್ಲಿಯ ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಮೊಣಕಾಲಿನ ಮೇಲೆ ನೀರು ಬರುವಷ್ಟು ಒಳಗೆ ಹೋಗಬೇಡಿ. ಕೆರೆಯಲ್ಲಿ ಈಜು ಕಲಿತ ಹುಡುಗರಿಗೆ ಈ ಮಾತು ಇನ್ನೂ ಗಟ್ಟಿಯಾಗಿ ಹೇಳಿ.

2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಕ್ರಿಸ್ಮಸ್ ಮರುದಿನ, ಭಾನುವಾರ ಬೆಳಗ್ಗೆ. ದಂಡೆಯ ಮೇಲೆ, ಅಂಗಡಿ ಸಾಲಿನಲ್ಲಿ ಇದ್ದ ನೂರಾರು ಯಾತ್ರಿಕರು ತೀರಿಹೋದರು. ದೇವಾಲಯದೊಳಗೆ ನೀರು ಬರಲಿಲ್ಲ.

ದಂಡೆಯ ಅಂಗಡಿಗಳಲ್ಲಿ ಕಾದ ಎಣ್ಣೆಯಿಂದ ತೆಗೆದ ಮೀನು ಘಮಘಮ ಅನ್ನುತ್ತದೆ. ಎಣ್ಣೆಯ ಬಣ್ಣ ನೋಡಿ ತಿನ್ನಿ. ಕಪ್ಪಗಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಮೂರನೇ ದಿನ, ವಾಪಸ್

ಬೆಳಗ್ಗೆ ಒಂದು ಪೂಜೆ ಕೇಳಿ ಹೊರಡಿ. ರಾತ್ರಿಯ ರೈಲು, ಬಸ್ಸಿಗೆ ಇನ್ನೂ ಹೊತ್ತಿದ್ದರೆ ನಾಗೂರು ದರ್ಗಾಕ್ಕೆ ಹೋಗಬಹುದು. ನಾಗಪಟ್ಟಿಣಂ ದಾಟಿದರೆ ಹತ್ತಿರವೇ. ಶಾಹುಲ್ ಹಮೀದರ ದರ್ಗಾ, ಐದು ಮಿನಾರ್‌ಗಳು ದೂರದಿಂದಲೇ ಕಾಣುತ್ತವೆ. ತಂಜಾವೂರಿನಲ್ಲಿ ರೈಲು ಹತ್ತುವವರು ನಾಲ್ಕು ತಾಸು ಮುಂಚೆ ಬಂದು ರಾಜರಾಜ ಚೋಳನ ದೊಡ್ಡ ಗುಡಿ ನೋಡಿ. ಗಾಡಿಯಲ್ಲಿ ಬಂದವರಿಗೆ ತಂಜಾವೂರು, ತಿರುಚ್ಚಿ ನಡುವೆ ಪೂಂಡಿ ಮಾತೆಯ ಬೆಸಿಲಿಕಾ ಇದೆ. ವೇಳಾಂಗಣಿಯ ಗದ್ದಲ ಕಂಡವರಿಗೆ ಪೂಂಡಿ ಬಹಳ ಹಿಡಿಸುತ್ತದೆ.

ಇಷ್ಟು ದೂರ ಆಗುವುದೇ ಇಲ್ಲ, ಅಜ್ಜಿಗೆ ಒಂದೇ ರಾತ್ರಿಯ ಪ್ರಯಾಣ ಸಾಕು ಅನ್ನುವ ಮನೆಯವರಿಗೆ ವಿಜಯವಾಡದ ಗುಣದಲ ಮಾತೆ ಇದೆ. ಹುಬ್ಬಳ್ಳಿಯಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮುಟ್ಟಿಕೊಂಡು ನೇರ ವಿಜಯವಾಡಕ್ಕೆ ಒಯ್ಯುತ್ತದೆ, ನಡುವೆ ರೈಲು ಬದಲಿಸಬೇಕಿಲ್ಲ. ಅಲ್ಲಿಯ ಹಬ್ಬ ಲೂರ್ದು ಮಾತೆಯ ದಿನವಾದ ಫೆಬ್ರವರಿ 11ಕ್ಕೆ. ಗುಡ್ಡದ ಮೆಟ್ಟಿಲು ಹತ್ತಬೇಕು, ಆದ್ದರಿಂದ ಅಜ್ಜಿಯ ಮಂಡಿಯನ್ನು ಕೇಳಿಯೇ ಟಿಕೆಟ್ ಮಾಡಿಸಿ.